ಸಿದ್ದಲಿಂಗಮ್ಮ ಅಚ್ಚು ಹಾಕಿಸಿದ ಸೋಮವಾರ

ನಮ್ಮ ಶಾಲೆಗೆ ಹೆಡ್‌ಮಾಸ್ಟರ್ ನಾನೇ ಆದರೂ ಮಕ್ಕಳು ಮಾತು ಕೇಳುವುದು ಸಿದ್ದಲಿಂಗಮ್ಮನದು. ಇದರಿಂದ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಹತ್ತು ಸಲ ಕೂಗಿದರೂ ಸಾಲು ನಿಲ್ಲದ ಇಪ್ಪತ್ತಮೂರು ಮಕ್ಕಳು, ಆಕೆ ಸೌಟಿನಿಂದ ಪಾತ್ರೆಯ ಅಂಚಿಗೆ ಒಂದೇಟು ಹಾಕಿದರೆ ತಟ್ಟೆ ಹಿಡಿದು ಕೂತುಬಿಡುತ್ತವೆ.

ಬೆಟ್ಟದಪುರದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಈ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸಿದ್ದಲಿಂಗಮ್ಮ ಬಿಸಿಯೂಟ ಬೇಯಿಸಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಮಾತು ಜೋರು, ಬಡಿಸುವ ಕೈ ಧಾರಾಳ. ಒಂದು ವಿಷಯದಲ್ಲಿ ಮಾತ್ರ ಭಾರಿ ಬಿಗಿ. ಬಿಸಿಯೂಟದವರು ಬೇಳೆ ಮನೆಗೆ ಸಾಗಿಸುತ್ತಾರೆ ಎಂಬ ಮಾತು ಎಲ್ಲ ಊರಿನಲ್ಲೂ ಓಡಾಡುವಂಥದ್ದು. ಅದು ತಮ್ಮ ಮೇಲೆ ಬರಬಾರದೆಂದು ದಿನಾ ಸಂಜೆ ಹೊರಡುವಾಗ ತಮ್ಮ ವೈರ್ ಬುಟ್ಟಿಯನ್ನು ನನ್ನ ಮೇಜಿನ ಮುಂದೆ ಬಿಚ್ಚಿ ತೋರಿಸುತ್ತಿದ್ದರು. "ನೋಡ್ಕಳಿ ಸಾ, ಒಂದೆಸಳು ಕರಿಬೇವೂ ಇಲ್ಲ." ನಾನು ಯಾವತ್ತೂ ಕೇಳಿದವನಲ್ಲ. ಬೇಡವೆಂದು ರೇಗಿದ್ದೂ ಉಂಟು. ಅವರು ಬಿಡುತ್ತಿರಲಿಲ್ಲ.

ಸೋಮವಾರ ಬಂತೆಂದರೆ ಪ್ರತಿ ಮಗುವೂ ಹಿತ್ತಲಲ್ಲಿ ಬೆಳೆದ ಒಂದು ತರಕಾರಿ ತಂದು ಅಡುಗೆಮನೆ ಜಗಲಿಯ ಮಂಕರಿಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಆ ದಿನದ ಸಾರಿಗೆ ಅದೇ ಆಧಾರ. ಸಾಲಿಗ್ರಾಮದಿಂದ ಅತಿಥಿ ಶಿಕ್ಷಕಿಯಾಗಿ ಬಂದ ಮಧುಶ್ರೀ ಮಿಸ್‌ಗೆ ಇದು ಗೊತ್ತಿರಲಿಲ್ಲ. ಆಕೆ ಬಂದು ನಾಲ್ಕೇ ದಿನವಾಗಿತ್ತು. ಶನಿವಾರ ಮಕ್ಕಳಿಗೆ, "ಸೋಮವಾರ ಒಂದೊಂದು ತರಕಾರಿ ತನ್ನಿ. ಅಡ್ಡಕ್ಕೆ ಕೊಯ್ದು, ಬಣ್ಣಕ್ಕದ್ದಿ, ಹಾಳೆ ಮೇಲೆ ಅಚ್ಚು ಒತ್ತೋಣ. ಮೂರು ಗಂಟೆಗೆ ಅಮ್ಮಂದಿರ ಸಭೆ ಇದೆಯಲ್ಲ, ಅಷ್ಟೊತ್ತಿಗೆ ಗೋಡೆ ತುಂಬಾ ಅಂಟಿಸೋಣ" ಎಂದಿದ್ದರು. ತರಕಾರಿಯನ್ನು ಜಗಲಿಯಲ್ಲೇ ಇಡಿಸುತ್ತೇನೆ, ಸಿದ್ದಲಿಂಗಮ್ಮನಿಗೆ ಮುಂಚೆಯೇ ಹೇಳಿಡಿ ಎಂದು ನನಗೂ ಹೇಳಿದ್ದರು. ನಾನು ತಲೆಯಾಡಿಸಿ ಮರೆತೆ. ಮುಂದೆ ಆದದ್ದರಲ್ಲಿ ಅರ್ಧ ತಪ್ಪು ನನ್ನದು. ಮುಕ್ಕಾಲು ಎಂದರೂ ನಾನು ಜಗಳಕ್ಕೆ ಬರುವುದಿಲ್ಲ.

ಸೋಮವಾರ ಹನ್ನೊಂದೂವರೆಗೆ ಮಿಸ್ ಬಣ್ಣ ಕಲಸಿಟ್ಟು ಜಗಲಿಗೆ ಹೋದರೆ ಮಂಕರಿ ಖಾಲಿ.

"ಅಮ್ಮ, ಇಲ್ಲಿದ್ದ ತರಕಾರಿ ಎಲ್ಲಿ?"

"ಇದ್ರೊಳ್ಗೇ ಅದೆ ಕಣ್ ಮಿಸ್, ಚೆನ್ನಾಗಿ ಬೆಂದದೆ" ಎಂದು ಸಿದ್ದಲಿಂಗಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು.

ಒಂದನೇ ಕ್ಲಾಸಿನಿಂದ ಶುರುವಾದ ಅಳು ಐದನೇ ಕ್ಲಾಸಿನವರೆಗೂ ಹೋಯಿತು. ಸಂಗತಿ ಗೊತ್ತಾದ ಮೇಲೆ ಸಿದ್ದಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು, "ನಂಗ್ಯಾರೂ ಯೋಳ್ಲೇ ಇಲ್ವಲ್ಲ" ಎಂದು ನನ್ನ ಕಡೆ ನೋಡಿದರು. ನಾನು ಬೆಟ್ಟದ ಕಡೆ ನೋಡಿದೆ.

ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಪಕ್ಕದ ಮನೆಯ ಹಸುವಿಗೆಂದು ಎತ್ತಿಟ್ಟಿದ್ದ ಸಿಪ್ಪೆಯ ಬಕೆಟ್ಟನ್ನು ಎಳೆದುಕೊಂಡು ಬಂದು ತರಗತಿಯ ನಡುಮಧ್ಯೆ ಸುರಿದರು. ಬೆಂಡೆಕಾಯಿ ತೊಟ್ಟು, ಈರುಳ್ಳಿ ಬುಡ, ಕೋಸಿನ ದಿಂಡು, ಹೀರೆಕಾಯಿ ತುದಿ. ಈಳಿಗೆಮಣೆ ಹಾಕಿಕೊಂಡು ಕೂತು ಒಂದೊಂದನ್ನೂ ಮತ್ತೆ ಕೊಯ್ದರು. ಕೊಯ್ದ ಮುಖ ಒಂಚೂರು ಓರೆಯಾದರೂ ಅಚ್ಚು ಅರ್ಧವೇ ಬೀಳುತ್ತದೆಂದು ಮಿಸ್ ಒಂದು ಸಲ ಹೇಳಿದ್ದಷ್ಟೇ. ಆಮೇಲೆ ಅವರ ಈಳಿಗೆಯಿಂದ ಬಿದ್ದ ಪ್ರತಿ ಚೂರೂ ಸಪಾಟು. ಬೆಂಡೆಕಾಯಿ ತೊಟ್ಟು ಐದು ಮೂಲೆಯ ಹೂವಾಯಿತು. ಈರುಳ್ಳಿ ಬುಡದಲ್ಲಿ ಸುತ್ತಿನೊಳಗೆ ಸುತ್ತು ಮೂಡಿತು. ಮಕ್ಕಳು ಹಾಳೆಯ ಮೇಲೆ ಎಳೆದಾಡಿ ಬಣ್ಣ ಕದಡಿದಾಗ, "ಉಜ್ಜಬ್ಯಾಡ್ರವ್ವ. ಒತ್ತಿ, ನೆಟ್ಟಗೆ ಎತ್ತಿ. ನಿಪ್ಪಟ್ಟು ಒತ್ತಕಿಲ್ವಾ, ಅಂಗೆ" ಎಂದು ಪಾಠ ಬೇರೆ ಶುರುವಾಯಿತು. ಸುಮ್ಮನೆ ನೋಡಿ ಹೋಗಲು ಬಂದ ನಾನೂ ಒಂದು ಹಾಳೆ ಹಿಡಿದು ಕೂತೆ. ಅಷ್ಟು ಖುಷಿಯಾಗಿ ನಾನು ಯಾವ ತರಬೇತಿಯಲ್ಲೂ ಕೂತಿದ್ದಿಲ್ಲ. ಬಿಳಿ ಅಂಗಿಯ ತೋಳಿಗೆ ಕೆಂಪು ಬೆಂಡೆಕಾಯಿ ಬಿದ್ದದ್ದು ಎಷ್ಟು ಒಗೆದರೂ ಹೋಗಲಿಲ್ಲ.

ಎರಡನೇ ಕ್ಲಾಸಿನ ಚಿನ್ನು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಬಚ್ಚಲ ಹಿಂದಿನ ಬೇಲಿಗೆ ತಾನೇ ಬೀಜ ಹಾಕಿ ಬೆಳೆಸಿದ ಬಳ್ಳಿಯ ಮೊದಲನೇ ಹಾಗಲಕಾಯಿಯನ್ನು ಅವಳು ಬೆಳಿಗ್ಗೆ ಎಲ್ಲರಿಗೂ ತೋರಿಸಿ ಮಂಕರಿಗೆ ಹಾಕಿದ್ದಳು. "ನಂಗೆ ನನ್ ಆಗಲಕಾಯೇ ಬೇಕು." ಮಿಸ್ ಸಿಪ್ಪೆಯಲ್ಲೆಲ್ಲ ಹುಡುಕಿದರು, ಒಂದು ತೊಟ್ಟೂ ಸಿಗಲಿಲ್ಲ. ಊಟಕ್ಕೆ ಕರೆದಾಗ ಚಿನ್ನು ತಟ್ಟೆ ಬೋರಲು ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಸಿದ್ದಲಿಂಗಮ್ಮನ ಕೈಯೂಟ ಬೇಡವೆಂದ ಮಗು ಅದೊಂದೇ. ಅವರು ಮೂರು ಸಲ ಸೌಟು ಹಿಡಿದು ಹೋಗಿ ಮೂರು ಸಲ ಹಾಗೇ ವಾಪಸ್ಸು ಬಂದರು.

ಎರಡೂವರೆ ಹೊತ್ತಿಗೆ ವೈರ್ ಬುಟ್ಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಹೊರಡುವ ಹೊತ್ತಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಬುಟ್ಟಿ ಬಿಚ್ಚಿದರು. ತಳದಲ್ಲಿ, ಎಲೆಯಡಿಕೆ ಗಂಟಿನ ಕೆಳಗೆ, ಹಾಗಲಕಾಯಿ ಇತ್ತು.

"ಕಹಿ ಅಂತ ಮಕ್ಳು ತಿನ್ನಕಿಲ್ಲ ಸಾ, ಸಾರಿಗಾಕುದ್ರೆ ಎಲ್ರೂ ಬುಟ್ಬುಡ್ತವೆ. ಗೊಜ್ಜು ಮಾಡ್ಕಂಡು ತಿನ್ನವ ಅಂತ ಆಸೆ ಆಗೋಯ್ತು. ಸಂಜೆ ನಿಮ್ಗೆ ಯೋಳೇ ಓಯ್ತಿದ್ದೆ... ಇಲ್ಲ ಸಾ, ಯೋಳ್ತಿರ್ಲಿಲ್ಲ. ಸುಳ್ಯಾಕೆ."

ನನಗೆ ಸಂಕಟವಾಯಿತು. ಒಂದು ಹಾಗಲಕಾಯಿಗೆ ಇಷ್ಟು ಕುಗ್ಗಬೇಕಾದ ಹೆಂಗಸಲ್ಲ ಅವರು. "ಬಕೆಟ್ಟಿನಲ್ಲಿ ಸಿಕ್ತು ಅಂತ ನಾನೇ ಕೊಟ್ಟುಬಿಡ್ತೀನಿ, ನೀವು ಸುಮ್ಮನಿರಿ" ಎಂದೆ. ಹೊರಗೆ ಜಗಲಿಯಲ್ಲಿ ಆಗಲೇ ಅಮ್ಮಂದಿರು ಬಂದು ಸೇರುತ್ತಿದ್ದರು.

"ಆ ಮಗೀಗೆ ಸುಳ್ಳೇಳ್ಲಾ ಸಾ?" ಎಂದವರೇ ಅಮ್ಮಂದಿರ ನಡುವೆಯೇ ದಾರಿ ಮಾಡಿಕೊಂಡು ತರಗತಿಗೆ ಹೋದರು. ಚಿನ್ನುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ನಿನ್ ಆಗಲಕಾಯ ನಾನೇ ಎತ್ತಿಟ್ಕಂಡಿದ್ದೆ ಕಣವ್ವ, ಮನೆಗೆ ತಕ್ಕೊಂಡೋಗಕೆ. ತೆಪ್ಪಾಯ್ತು."

ಅಮ್ಮಂದಿರು ಕಿಟಕಿಯಿಂದ ಇಣುಕಿದರು. ಚಿನ್ನು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಯಾಕ್ ತಕ್ಕೊಂಡಿದ್ದೆ ಅಜ್ಜಿ?"

"ಗೊಜ್ಜಿಗೆ ಕಣವ್ವ."

"ಸರಿ, ಈಗ್ ಕುಯ್ಯಿ. ಮೂರ್ ಗಂಟೆ ಆಯ್ತದೆ."

ಸಿದ್ದಲಿಂಗಮ್ಮ ಕಣ್ಣೊರೆಸಿಕೊಂಡು ಈಳಿಗೆಮಣೆಗೆ ಕೂತರು. ಕಾಯಿಯನ್ನು ನಟ್ಟನಡುವೆ ಕೊಯ್ದು ಒಂದರ್ಧ ಕೊಟ್ಟರು. ಚಿನ್ನು ಹಸಿರಿಗೆ ಅದ್ದಿ, ಒತ್ತಿ, ನೆಟ್ಟಗೆ ಎತ್ತಿದಳು. ಸುತ್ತ ಅಂಕುಡೊಂಕಿನ ಅಂಚು, ಒಳಗೆ ಬೀಜದ ಮನೆಗಳು ಒಂದೊಂದೂ ಎಣಿಸುವ ಹಾಗೆ ಮೂಡಿದ್ದವು. ಮಿಕ್ಕ ಮಕ್ಕಳೆಲ್ಲ ತಮ್ಮ ಹಾಳೆ ಬಿಟ್ಟು ಅವಳ ಸುತ್ತ ಮುತ್ತಿಕೊಂಡರು. ಅಮ್ಮಂದಿರು ಒಳಗೆ ಬಂದರೂ ಸಭೆ ಶುರುವಾಗಲಿಲ್ಲ. ಅವರಿಗೂ ಒಂದೊಂದು ಒತ್ತಿ ನೋಡುವ ಆಸೆ. ನಾನು ಬರೆದಿಟ್ಟುಕೊಂಡಿದ್ದ ಭಾಷಣ ಜೇಬಿನಲ್ಲೇ ಉಳಿಯಿತು, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಹಾಳೆಯನ್ನು ಗೋಡೆಗೆ ಅಂಟಿಸಿದ ಮೇಲೆ ಚಿನ್ನುವಿಗೆ ಹಸಿವು ನೆನಪಾಯಿತು. ಸಿದ್ದಲಿಂಗಮ್ಮ ಸಾರು ಬಿಸಿ ಮಾಡಿ ತಂದು ಎದುರಿಗೇ ಕೂತು ಬಡಿಸಿದರು. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡು, ಕೈ ತೊಳೆದು, ಈಳಿಗೆಮಣೆಯ ಪಕ್ಕ ಉಳಿದಿದ್ದ ಇನ್ನರ್ಧ ಕಾಯಿಯನ್ನು ಎತ್ತಿಕೊಂಡು ಬಂದಳು.

"ಇದ್ಕೆ ಬಣ್ಣ ತಾಗಿಲ್ಲ ಅಜ್ಜಿ. ಗೊಜ್ಜು ಮಾಡ್ಕೊ."

ಸಿದ್ದಲಿಂಗಮ್ಮ ನನ್ನ ಮುಖ ನೋಡಿದರು. ನಾನು ತಗೊಳ್ಳಿ ಎಂದು ತಲೆಯಾಡಿಸಿದೆ. ಆ ಸಂಜೆ ಅವರು ಅರ್ಧ ಹಾಗಲಕಾಯಿಯನ್ನು ಎಲ್ಲರಿಗೂ ಕಾಣುವಂತೆ ಅಂಗೈಯಲ್ಲಿ ಹಿಡಿದುಕೊಂಡು ಊರ ನಡುಬೀದಿಯಲ್ಲೇ ಮನೆಗೆ ಹೋದರು.