ಅತ್ತೆಯ ಸೊಂಟದ ಮಟ್ಟ

ಮನೆ ಕಟ್ಟುವವನಿಗೆ ಜಾತಕ, ವಾಸ್ತು, ಮೇಸ್ತ್ರಿ ಮೂರೂ ಕೂಡಿಬರಬೇಕು ಅನ್ನುತ್ತಾರೆ. ನನಗೆ ಮೂರೂ ಕೂಡಿಬಂದವು, ಕೈಕೊಟ್ಟವಳು ಕಪಿಲೆ ಒಬ್ಬಳೇ. ತಿ. ನರಸೀಪುರದಲ್ಲಿ ನನ್ನ ಸೈಟಿದ್ದ ಬೀದಿ ಹೊಳೆಯ ಕಡೆಗೆ ಇಳಿಜಾರು. ಅತ್ತ ಕಾವೇರಿ ತುಂಬಿ ಹರಿದರೆ ಇತ್ತ ಕಪಿಲೆಯ ನೀರಿಗೆ ಹೋಗಲು ದಾರಿಯಿಲ್ಲದೆ ನಮ್ಮ ಬೀದಿಗೆ ನುಗ್ಗುತ್ತದೆ. ಬಂದಮೇಲೆ ನೆಂಟರ ಹಾಗೆ ಎರಡು ದಿನ ಉಳಿದೇ ಹೋಗುತ್ತದೆ. ಅಂಥ ಕಡೆ ಸೈಟು ಯಾಕೆ ಅಂತ ಕೇಳಬೇಡಿ, ಅಪ್ಪ ಬಿಟ್ಟುಹೋದದ್ದು ಅದೊಂದೇ.

ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ನನಗೆ ಶಿಫ್ಟ್ ಕೆಲಸ. ನಾವಿದ್ದದ್ದು ಮಹಡಿ ಮೇಲಿನ ಬಾಡಿಗೆ ಮನೆ. ಅವ್ವನ ಮಂಡಿಗಳು ಕೆಟ್ಟು, ಅವಳು ಬೀದಿಗಿಳಿಯಬೇಕಾದರೆ ನನ್ನ ಹೆಗಲು ಬೇಕಿತ್ತು. ಯಾರ ಹಂಗೂ ಇಲ್ಲದೆ ತಾನೇ ಹೋಗಿ ಸೊಪ್ಪು ಚೌಕಾಸಿ ಮಾಡಬೇಕೆಂಬುದೇ ಅವಳ ಆಸೆ. ಅದಕ್ಕಾಗಿಯೇ ಮನೆ.

ಪರವಾನಗಿ ಕೊಡುವ ಇಂಜಿನಿಯರು ನಕ್ಷೆಯನ್ನು ಹಿಂದಕ್ಕೆ ತಳ್ಳಿದರು. ಹಿಂದೆ ನೀರು ಬಂದ ಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಮನೆಯ ನೆಲ ಇರಬೇಕಂತೆ. ಆ ಮಟ್ಟ ಎಷ್ಟು ಎಂದರೆ ಅವರ ಯಾವ ಕಡತದಲ್ಲೂ ಇಲ್ಲ. "ಅದಕ್ಕೆ ನೀವೇ ಏನಾದ್ರೂ ಪುರಾವೆ ತೋರಿಸ್ರೀ" ಅಂದರು.

ಇಡೀ ಬೀದಿಗೆ ಇದ್ದ ಪುರಾವೆ ಒಂದೇ, ಪಕ್ಕದ ಮನೆಯ ಗೋಡೆ. ಅದು ನನ್ನ ಸೋದರತ್ತೆಯ ಮನೆ, ಅದರ ನೆಲವೂ ನನ್ನ ಸೈಟೂ ಒಂದೇ ಮಟ್ಟ. ಹಿಂದೆಂದೋ ಹೊಳೆ ಒಳಗೆ ಬಂದಿದ್ದ ಎತ್ತರಕ್ಕೆ ಅತ್ತೆ ಗೋಡೆಯ ಮೇಲೆ ಅರಿಶಿನದ ಗೆರೆ ಎಳೆದು, ಕುಂಕುಮವಿಟ್ಟಿದ್ದರು. ಗಂಗಮ್ಮ ಮನೆಗೆ ಬಂದಿದ್ದಳಲ್ಲ, ಮರ್ಯಾದೆ ಬೇಡವೇ? ಇಂಜಿನಿಯರು ಬಂದು ಟೇಪು ಹಿಡಿದರು. ಮೂರಡಿ. ಅಂದರೆ ನನ್ನ ಮನೆಯ ನೆಲ ಮೂರೂವರೆ ಅಡಿ, ಬಾಗಿಲಿಗೆ ಏಳು ಮೆಟ್ಟಿಲು.

ಅವ್ವ ಕೇಳಿ ಗೋಡೆಗೆ ಮುಖ ತಿರುಗಿಸಿದಳು. "ಏಳು ಮೆಟ್ಲಾ? ಐದಾದ್ರೆ ಎಂಗೋ ಅತ್ತೇನು. ಏಳು ಆಗಾಕಿಲ್ಲ. ನೀವೇ ಇರ್ರಪ್ಪ ಅಲ್ಲಿ."

ನನಗೆ ಗೆರೆಯ ಮೇಲೇ ಸಿಟ್ಟು ಬಂತು. ಅತ್ತೆಯ ಬಳಿ ಹೋಗಿ, ಅಷ್ಟೇ ಎತ್ತರಕ್ಕೆ ಬಂದಿತ್ತೆಂದು ಹೇಗೆ ಗೊತ್ತು ಎಂದು ಕೇಳಿದೆ.

"ನನ್ ಸೊಂಟುದ್ಗಂಟ ಬಂದಿತ್ತು ಕಣ್ಲಾ. ಗೌರಿಹಬ್ಬುಕ್ಕೆ ಸುಣ್ಣ ಒಡ್ದಾಗ ಗೆರೆ ಮುಚ್ಚೋಯ್ತದಲ್ಲ, ಗೋಡೆಗೊರಗಿ ನಿಂತ್ಕೊಂಡು ಸೊಂಟದ್ ಮಟ್ಟುಕ್ಕೆ ತಿರ್ಗ ಎಳೀತಿದ್ದೆ."

"ನೀರು ಬಂದಾಗ ನಿಮಗೆಷ್ಟು ವಯಸ್ಸು?"

"ಇನ್ನೂ ಮೈನೆರ್ದಿರ್ಲಿಲ್ಲ. ಮದ್ವೆಯಾಗಿ ಒಸದಾಗಿ ಬಂದಿದ್ದೆ."

ನಾನು ಅಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕೆ. ಅತ್ತೆ ಬೆಳೆದಂತೆಲ್ಲ ಹೊಳೆಯೂ ಬೆಳೆದಿತ್ತು! ಮಾವ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಆ ಮನೆ ಸುಣ್ಣ ಕಂಡಿರಲಿಲ್ಲ, ಹಾಗಾಗಿ ಗೆರೆ ಅವರು ನೆಟ್ಟಗಿದ್ದ ಕಾಲದ್ದು. ಈಗ ಅತ್ತೆ ಬಾಗಿಹೋಗಿದ್ದರು. ನನ್ನ ತಲೆ ಚುರುಕಾಗಿ ಓಡಿತು.

ಮಾರನೆಯ ವಾರ ನಾನೇ ನಿಂತು ಅತ್ತೆಯ ಮನೆಗೆ ಸುಣ್ಣ ಹೊಡೆಸಿದೆ. ತವರಿನ ಕುಡಿ ಅಂತ ಅವರು ನನ್ನ ತಲೆ ಸವರಿದರು. ನಾಚಿಕೆಯಾಯಿತು, ಆದರೆ ಕೆಲಸ ನಿಲ್ಲಿಸುವಷ್ಟಲ್ಲ. ಇಂಜಿನಿಯರನ್ನು ಕರೆತಂದು, ಗೆರೆ ಬೆಳೆದ ಕಥೆ ಹೇಳಿ, ಅವರೆದುರೇ ಅತ್ತೆಯ ಕೈಗೆ ಅರಿಶಿನ ಕೊಟ್ಟೆ. ಬಾಗಿದ ಸೊಂಟದ ಪಕ್ಕದಲ್ಲಿ ಹೆಬ್ಬೆರಳೂರಿ ಅತ್ತೆ ಗೆರೆ ಎಳೆದರು. ಎರಡಡಿ. "ಹುಡುಗಿ ಸೊಂಟ ಅಂದ್ರೆ ಇಷ್ಟೇ ಇದ್ದೀತು ಬಿಡಿ" ಎಂದು ಇಂಜಿನಿಯರು ನಗುತ್ತ ಬರೆದುಕೊಂಡರು. ಐದು ಮೆಟ್ಟಿಲು. ಗೃಹಪ್ರವೇಶದ ದಿನ ಅವ್ವ ಕಂಬಿ ಹಿಡಿದು ತಾನೇ ಹತ್ತಿದಳು. ಮೈಸೂರಿನ ಅರಮನೆಯನ್ನೇ ಬರೆಸಿಕೊಟ್ಟವನ ಹಾಗೆ ನಾನು ಬೀಗಿದೆ. ಆಮೇಲೆ ಎಷ್ಟೋ ವರ್ಷ ಸೊಪ್ಪಿನವಳಿಗೆ ನೆಮ್ಮದಿ ಇರಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷ ಕಳೆದಿದ್ದವು. ಒಂದು ಬೆಳಿಗ್ಗೆ ನಂಜನಗೂಡಿನಲ್ಲಿ ಶಿಫ್ಟ್ ಮುಗಿಸಿ ಬರುವಾಗ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲು ಒಂದೂ ಕಾಣಿಸಲಿಲ್ಲ. ಊರು ಮುಟ್ಟಿದಾಗ ನೀರು ನಮ್ಮ ಎರಡನೆಯ ಮೆಟ್ಟಿಲಲ್ಲಿತ್ತು. ಅತ್ತೆಯನ್ನು ನಮ್ಮ ಮನೆಗೆ ಕರೆತರುವಷ್ಟರಲ್ಲಿ ನಾಲ್ಕನೆಯದು. ಆಮೇಲೆ ಹೊಸಿಲು ದಾಟಿ ಒಳಗೇ ಬಂತು.

ಮೊದಲು ಅತ್ತೆಯನ್ನು ತಾರಸಿಗೆ ಹತ್ತಿಸಿ, ಅವ್ವನನ್ನು ಬೆನ್ನ ಮೇಲೆ ಹೊತ್ತೆ. ಅವಳು ಕಿವಿಯ ಹತ್ತಿರ ಒಂದೊಂದೇ ಮೆಟ್ಟಿಲು ಎಣಿಸುತ್ತಿದ್ದಳು. "ಅದ್ನೆಂಟು" ಅಂದು ಇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ನೀರಿಳಿದ ಮೇಲೆ ಅತ್ತೆಯ ಗೋಡೆ ನೋಡಿದೆ. ನಾನು ಸುಣ್ಣ ಬಳಿಸಿ ಮುಚ್ಚಿದ್ದ ಹಳೆಯ ಗೆರೆ ನೆನೆದ ಸುಣ್ಣದಡಿ ಮಾಸಲಾಗಿ ಕಾಣುತ್ತಿತ್ತು. ಕೆಸರಿನ ಗುರುತು ಅದಕ್ಕಿಂತ ನಾಲ್ಕೇ ಬೆರಳು ಮೇಲಿತ್ತು. ಆ ಸುಳ್ಳು ಗೆರೆಯನ್ನು ನಂಬಿ ಏಳು ಮೆಟ್ಟಿಲು ಕಟ್ಟಿದ್ದರೆ ನಮ್ಮ ನೆಲ ಒಣಗಿಯೇ ಇರುತ್ತಿತ್ತು.

ನಮ್ಮ ನಡುಮನೆಯ ಕೆಸರು ಬಾಚಿ ಸಾಕಾಗಿ ನಿಂತಿದ್ದಾಗ ಅತ್ತೆ ಅರಿಶಿನದ ಬಟ್ಟಲು ಹಿಡಿದು ಬಂದರು. "ಬಾ ಇಲ್ಲಿ, ಗೋಡೆಗೊರಗಿ ನಿಂತ್ಕೊ. ನೀರು ನಿನ್ಗೆ ಎಲ್ಲೀಗಂಟ ಬಂತೋ ಅಲ್ಲೀಗೆ ಎಳೀತೀನಿ. ನೀನಿನ್ನು ಬೆಳಿಯಾಕಿಲ್ಲ ತಾನೆ?"

ನಾನು ಹೋಗಿ ನಿಂತೆ. ಕುರ್ಚಿಯಿಂದ ಅವ್ವ ಕೂಗಿದಳು: "ಬಗ್ಬ್ಯಾಡ ಕಣ್ಲಾ. ನೆಟ್ಗೆ ನಿಂತ್ಕೊ."