ಕೆಂಪು ದೀಪದಡಿ ಹನ್ನೆರಡು ಇಲಿ

ಇದು ನಡೆದದ್ದು ರಾತ್ರಿ. ಗಡಿಯಾರದಲ್ಲಿ ಆಗ ಮಧ್ಯಾಹ್ನ ಎರಡೂವರೆ. ಎರಡೂ ನಿಜ.

ನಂಬದವರು ಇಲ್ಲಿಗೇ ಬಿಟ್ಟು ಮುಂದಿನ ಪೋಸ್ಟ್ ನೋಡಿ, ನನಗೇನೂ ಬೇಸರವಿಲ್ಲ. ನಲವತ್ತೆಂಟು ದಾಟಿದ ಹೆಂಗಸು ನಾನು. ಕಥೆ ಕಟ್ಟಿ ನಿಮ್ಮನ್ನು ಹೆದರಿಸಿ ನನಗೆ ಆಗಬೇಕಾದ್ದು ಏನೂ ಇಲ್ಲ. ಈ ಘಟನೆಯಿಂದ ನನಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು.

ಚೆನ್ನೈನಲ್ಲಿ, ಪಲ್ಲಾವರಂ ಕಡೆ ಔಷಧಿಗಳನ್ನು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬ್. ಅಲ್ಲಿಯ ಅನಿಮಲ್ ಹೌಸ್‌ನಲ್ಲಿ ಹತ್ತೊಂಬತ್ತು ವರ್ಷ ಇಲಿ ನೋಡಿಕೊಂಡೆ. ತಿನ್ನಿಸುವುದು, ಕೇಜ್ ತೊಳೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಕೈ ರೂಢಿ ಮಾಡಿಸುವುದು. ಪ್ರಯೋಗಕ್ಕೆ ಮೊದಲು ವಾರಗಟ್ಟಲೆ ದಿನಾ ಒಂದೊಂದನ್ನೇ ಎತ್ತಿ ಅಂಗೈ ಮೇಲೆ ಕೂರಿಸಿಕೊಳ್ಳಬೇಕು. ಹೆದರಿದ ಇಲಿಯ ಮೇಲೆ ಯಾವ ಪರೀಕ್ಷೆಯೂ ಸರಿ ಬರುವುದಿಲ್ಲ. ಮೊದಲು ಅದು ನಿಮ್ಮನ್ನು ನಂಬಬೇಕು. ಆಮೇಲೆ ಸೂಜಿ.

ಇಲಿ ಎಚ್ಚರವಿರುವುದು ರಾತ್ರಿ. ನಮಗೆ ಕೆಲಸ ಹಗಲು. ಅದಕ್ಕೆ ನಾವು ಅವುಗಳ ದಿನವನ್ನೇ ತಿರುಗಿಸಿಬಿಡುತ್ತೇವೆ. ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಸಿ, ಬೆಳಗಾದ ಮೇಲೆ ಕತ್ತಲು ಮಾಡುತ್ತೇವೆ. ಕಿಟಕಿಯಿಲ್ಲದ ಕೋಣೆ. ಒಂದೇ ಒಂದು ಕೆಂಪು ಬಲ್ಬು. ಆ ಬೆಳಕು ಇಲಿಗೆ ಅಷ್ಟಾಗಿ ಕಾಣುವುದಿಲ್ಲ. ಬಾಗಿಲ ಮೇಲೆ ‘ಒಳಗೆ ನೀಲಿ ಪೆನ್ನು ಮಾತ್ರ’ ಎಂದು ಅಂಟಿಸಿದ್ದರು. ಹೊರಗೆ ಮೇ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿದ್ದರೂ ನಮಗೆ ಒಳಗೆ ನಡುರಾತ್ರಿ.

ಪ್ರಯೋಗ ನಡೆಸುತ್ತಿದ್ದವಳು ಸುಮೇಧಾ. ಮೂವತ್ತರ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡ ನಾಡಿನಿಂದ ಹೋಗಿ ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ಅಯ್ಯಂಗಾರ್ ಮನೆಯವಳು. ಅರ್ಧ ಕನ್ನಡ, ಅರ್ಧ ತಮಿಳು ಮಾತಾಡುತ್ತಿದ್ದಳು. ಇಡೀ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಡಬ್ಬಿಯ ಜೋಳದ ರೊಟ್ಟಿ ಅವಳಿಗೆ, ಅವಳ ಪುಳಿಯೋಗರೆ ನನಗೆ. ‘ಅಕ್ಕಾ’ ಎಂದು ಕರೆದರೆ ಒಡಹುಟ್ಟಿದವಳೇ ಕರೆದಂತಿರುತ್ತಿತ್ತು.

ಪರೀಕ್ಷೆ ಸುಲಭದ್ದು. ಒಂದು ಪೆಟ್ಟಿಗೆಯಲ್ಲಿ ಎರಡು ಕೋಣೆ. ಒಂದರ ಗೋಡೆಗೆ ಪಟ್ಟೆ, ಇನ್ನೊಂದು ಬರೀ ಬಿಳಿ. ನಶೆಯ ಔಷಧಿ ಚುಚ್ಚಿದ ದಿನ ಇಲಿಯನ್ನು ಪಟ್ಟೆ ಕೋಣೆಯಲ್ಲಿ ಬಿಡುವುದು, ಉಪ್ಪುನೀರು ಚುಚ್ಚಿದ ದಿನ ಬಿಳಿ ಕೋಣೆಯಲ್ಲಿ. ಅರ್ಧದಷ್ಟು ಇಲಿಗಳಿಗೆ ಎರಡೂ ದಿನ ಬರೀ ಉಪ್ಪುನೀರು. ಎಂಟು ದಿನ ಹೀಗೆ ಮಾಡಿ, ಆಮೇಲೊಂದು ದಿನ ಏನೂ ಚುಚ್ಚದೆ ನಡುವಿನ ಬಾಗಿಲು ತೆರೆದು ಬಿಡುತ್ತೇವೆ. ನಶೆ ಕಂಡ ಇಲಿ ಓಡಿಹೋಗಿ ಪಟ್ಟೆ ಕೋಣೆಯಲ್ಲಿ ಕೂರುತ್ತದೆ. ಔಷಧಿಯಿಲ್ಲದಿದ್ದರೂ ಸುಖ ಸಿಕ್ಕ ಜಾಗವನ್ನು ಅದು ಮರೆಯುವುದಿಲ್ಲ.

ಯಾವ ಬಾಟಲಿಯಲ್ಲಿ ಏನಿದೆ ಎಂಬುದು ಸುಮೇಧಾಗೆ ಮಾತ್ರ ಗೊತ್ತು. ನನಗೆ ಹೇಳಬಾರದು, ಗೊತ್ತಾದರೆ ನೋಡುವ ಕಣ್ಣೇ ಮೋಸ ಮಾಡುತ್ತದೆ. ಹಾಗಾಗಿ ನಾನು ಎಲ್ಲಕ್ಕೂ ಒಂದೇ ಮಾತು ಹೇಳುತ್ತಿದ್ದೆ: “ಏನಿಲ್ಲ ಕಂದಾ, ಬರೀ ನೀರು.” ಹನ್ನೆರಡನೇ ನಂಬರಿನದಂತೂ ಆ ಮಾತು ಕೇಳಿದರೆ ನನ್ನ ಕೈಗವಸಿನೊಳಗೆ ಮೂತಿ ತೂರಿಸುತ್ತಿತ್ತು. ಅದರ ಮುಂದಿನ ಬಲಗಾಲಿನಲ್ಲಿ ಒಂದು ಬೆರಳಿರಲಿಲ್ಲ. ಮರಿಯಾಗಿದ್ದಾಗ ಕೇಜಿನ ಬಾಗಿಲಿಗೆ ಸಿಕ್ಕಿ ಹೋಗಿತ್ತು.

ಎಂಟನೇ ದಿನ ಎಲ್ಲಕ್ಕೂ ಚುಚ್ಚಿ ಮುಗಿಸಿ, ತಂಗಿಯ ಮಗಳ ಮದುವೆಗೆಂದು ತುಮಕೂರಿಗೆ ಹೋದೆ. ಮೂರು ದಿನ ಬಿಟ್ಟು, ಬೆಳಿಗ್ಗೆ ಕೋಯಂಬೇಡಿನಲ್ಲಿ ಬಸ್ ಇಳಿದು ನೇರ ಕೆಲಸಕ್ಕೆ ಬಂದೆ. ಸುಮೇಧಾ ಕೆಂಪು ದೀಪದ ಕೋಣೆಯಲ್ಲೇ ಇದ್ದಳು.

“ಅಕ್ಕಾ, ಟೆಸ್ಟ್ ನಾಳೆ ಇಟ್ಕೊಳ್ಳೋಣ. ಈ ಹಾಳೆಗೊಂದು ಸೈನ್ ಹಾಕ್ಬಿಡಿ. ಉಳಿದಿದ್ದು ನಾನು ತುಂಬ್ಕೋತೀನಿ.”

ರಟ್ಟಿಗೆ ಕ್ಲಿಪ್ ಮಾಡಿದ್ದ ಖಾಲಿ ಹಾಳೆ. “ಏನಿದು?”

“ಚುಮ್ಮಾ ಅಕ್ಕಾ, ಬರೀ ಫಾರ್ಮಾಲಿಟಿ. ನಾಳೆ ಪ್ರಾಣಿ ಪ್ರಯೋಗದ ಕಮಿಟಿಯವರು ತಪಾಸಣೆಗೆ ಬರ್ತಾರಲ್ಲ.”

ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಎಷ್ಟೋ ಹಾಕಿದ್ದೇನೆ. ಪದೇ ಪದೇ ಕೋಣೆಯ ಬಾಗಿಲು ತೆರೆದರೆ ಬೆಳಕು ನುಗ್ಗಿ ಇಲಿಗಳ ರಾತ್ರಿ ಕೆಡುತ್ತದೆ. ಅದಕ್ಕೇ ಎಲ್ಲ ಸಹಿಯೂ ಒಳಗೇ. ಅಷ್ಟರಲ್ಲಿ ಮೇಲಿನಿಂದ ಅವಳಿಗೆ ಕರೆ ಬಂತು. ಗಾಬರಿಯಲ್ಲಿ ಎದ್ದು ಹೋದಳು. ರಟ್ಟು ಮೇಜಿನ ಮೇಲೇ ಉಳಿಯಿತು.

ಪಾಪ, ಹುಡುಗಿಗೆ ಎಷ್ಟು ಒತ್ತಡ, ಟೆಸ್ಟ್ ನಾನೇ ಮುಗಿಸಿಟ್ಟರೆ ಖುಷಿಪಡುತ್ತಾಳೆ ಎಂದುಕೊಂಡೆ. ಎಂಥಾ ದಡ್ಡಿ ನೋಡಿ.

ಹನ್ನೆರಡೂವರೆಗೆ ಶುರು ಮಾಡಿದೆ. ಒಂದೊಂದಕ್ಕೆ ಹತ್ತು ನಿಮಿಷ.

ಒಂದನೇ ಇಲಿಯನ್ನು ಎರಡು ಕೋಣೆಗಳ ನಡುವೆ, ಹೊಸ್ತಿಲ ಮೇಲೆ ಬಿಟ್ಟೆ. ಬಿಟ್ಟ ಕೂಡಲೇ ಮೂಸಿ, ಓಡಿ, ಹಿಂಗಾಲಲ್ಲಿ ನಿಂತು ಗೋಡೆ ಕೆರೆಯಬೇಕು. ಅದು ಯಾವ ಕೋಣೆಗೂ ಹೋಗಲಿಲ್ಲ. ಹೊಸ್ತಿಲ ಮೇಲೇ ಕೂತಿತು… ನನಗೆ ಬೆನ್ನು ಹಾಕಿ.

ಎರಡನೆಯದೂ ಹಾಗೇ.

ಮೂರನೆಯದನ್ನು ಎತ್ತಿದಾಗ ಕೈಗವಸಿನೊಳಗಿಂದಲೂ ತಣ್ಣಗೆನಿಸಿತು. ಏಸಿ ಇರಬೇಕು ಎಂದುಕೊಂಡೆ. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ ಬಂತು. ಹತ್ತು ನಿಮಿಷಕ್ಕೆ ಹೋಯಿತು. ಏಳನೆಯದಕ್ಕೆ ಮತ್ತೆ ಅದೇ ತಣ್ಣಗೆ, ಅದೇ ವಾಸನೆ. ಒಂಬತ್ತನೆಯದಕ್ಕೂ…

ಆಗ ಗಮನಿಸಿದೆ. ಕೋಣೆಯಲ್ಲಿ ಸದ್ದೇ ಇಲ್ಲ. ಇಲಿಗಳ ರಾತ್ರಿ ಎಂದರೆ ಗಲಾಟೆ. ಕೊರೆಯುವುದು, ಕೆರೆಯುವುದು, ನೀರಿನ ಕೊಳವೆಗೆ ಹಲ್ಲು ತಾಗುವ ಟಿಕ್ ಟಿಕ್. ಒಂದೂ ಇಲ್ಲ. ಮೇಲೆ ವಿಮಾನ ಹೋದಾಗ ನೆಲ ಸಣ್ಣಗೆ ನಡುಗಿತು, ಅಷ್ಟೇ. ಎಲ್ಲವೂ ಉಸಿರು ಬಿಗಿಹಿಡಿದು ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ…

ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಬರೆಯುತ್ತಾ ಹೋದೆ. ಹೊಸ್ತಿಲು. ಹೊಸ್ತಿಲು. ಹೊಸ್ತಿಲು.

ಕೊನೆಗೆ ಹನ್ನೆರಡು. ಕೈಗೆ ಬಂತು, ಮಂಜುಗಡ್ಡೆಯ ಹಾಗೆ. ಮೂತಿ ತೂರಿಸಲಿಲ್ಲ.

“ಯಾಕೋ ಕಂದಾ? ಇವತ್ತು ಸೂಜಿ ಇಲ್ವೋ.”

ಅದು ಅಂಗೈಯಿಂದ ಮೇಜಿಗೆ ಹಾರಿತು. ಎಂದೂ ಹಾಗೆ ಮಾಡಿದ್ದಿಲ್ಲ. ನೇರ ಹೋಗಿ ನಾನು ಸಹಿ ಹಾಕಿದ್ದ ಹಾಳೆಯ ಮೇಲೆ ಕೂತು, ಉಚ್ಚೆ ಹೊಯ್ದು, ಅದರಲ್ಲೇ ಓಡಾಡಿತು. “ಛೀ, ಕಮಿಟಿಗೆ ತೋರ್ಸೋ ಹಾಳೆ ಕಣೋ!” ಎಂದು ಅದನ್ನು ಎತ್ತಿ ಪೆಟ್ಟಿಗೆಗೆ ಬಿಟ್ಟು, ಕೈಯಿಂದಲೇ ಹಾಳೆ ಒರೆಸಿದೆ. ಅದೂ ಹತ್ತು ನಿಮಿಷ ಹೊಸ್ತಿಲ ಮೇಲೆ ಕೂತಿತು. ಇದು ಮಾತ್ರ ಬೆನ್ನು ಹಾಕಲಿಲ್ಲ. ನನ್ನನ್ನೇ ನೋಡುತ್ತಿತ್ತು.

ಕೇಜಿಗೆ ಹಾಕಿ, ಗಾಳಿಗೆ ಒಣಗಲೆಂದು ಹಾಳೆ ಹಿಡಿದು ಹೊರಗಿನ ಮೊಗಸಾಲೆಗೆ ಬಂದೆ. ಟ್ಯೂಬ್‌ಲೈಟ್ ಬೆಳಕಿಗೆ ಕಣ್ಣು ಕುಕ್ಕಿತು. ಆಮೇಲೆ ಕೈ ನೋಡಿಕೊಂಡೆ.

ಬಿಳಿ ಕೈಗವಸು ಪೂರ್ತಿ ಕೆಂಪು!

ರಕ್ತ ಎಂದುಕೊಂಡೆ. ರಕ್ತವಲ್ಲ, ಶಾಯಿ. ಖಾಲಿ ಹಾಳೆ ಖಾಲಿಯಾಗಿರಲಿಲ್ಲ. ಕೆಂಪು ದೀಪದಡಿ ಕೆಂಪು ಬರಹ ಕಾಣುವುದೇ ಇಲ್ಲ. ಒಳಗೆ ನೀಲಿ ಪೆನ್ನು ಮಾತ್ರ ಎಂಬ ನಿಯಮ ಇರುವುದೇ ಅದಕ್ಕೆ. ಸುಮೇಧಾಳ ಗುಂಡು ಗುಂಡು ಅಕ್ಷರ ಅಲ್ಲಲ್ಲಿ ಕದಡಿದ್ದರೂ ಓದಲು ಬರುತ್ತಿತ್ತು. ‘ಎಂಟನೇ ದಿನ ನಾನು ಬಾಟಲಿ ಅದಲುಬದಲು ಮಾಡಿ ವಿಪರೀತ ಡೋಸ್ ಕೊಟ್ಟೆ. 3, 7, 9, 12ನೇ ಇಲಿಗಳು ಅಂದು ಸಂಜೆಯೇ ಸತ್ತವು. ಇದು ನನ್ನ ತಪ್ಪೊಪ್ಪಿಗೆ.’ ಕೆಳಗೆ ನನ್ನ ಸಹಿ.

ಆ ನಾಲ್ಕನ್ನೂ ಈಗಷ್ಟೇ ಕೈಯಲ್ಲಿ ಹಿಡಿದಿದ್ದೆ.

ನಿಯಮ ಮುರಿದು ಒಳಗೆ ಹೋಗಿ ಟ್ಯೂಬ್‌ಲೈಟ್ ಹಾಕಿದೆ. ಎಂಟು ಕೇಜಿನಲ್ಲಿ ಇಲಿ. ನಾಲ್ಕು ಕೇಜು ಖಾಲಿ, ಒಣಗಿ, ತೊಳೆದಿಟ್ಟ ಹಾಗೆ. ಅವುಗಳ ಚೀಟಿಯ ಮೇಲೆ ಕೆಂಪು ಗೀಟು.

“ಅಕ್ಕಾ? ಇನ್ನೂ ಹೋಗ್ಲಿಲ್ವಾ?” ಸುಮೇಧಾ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಮುಖ ಬಿಳುಚಿತು.

“ಇದೇನು ಸುಮೇಧಾ?”

“ಔಷಧಿ ಬೆರೆಸುವಾಗ ಒಂದು ಸೊನ್ನೆ ತಪ್ಪೋಯ್ತು ಅಕ್ಕಾ. ನನ್ನ ಹೆಸರು ಬಂದ್ರೆ ಪಿಎಚ್‌ಡಿ ಹೋಗತ್ತೆ. ನಿಮಗಾದ್ರೆ ಏನು, ಒಂದು ವಾರ್ನಿಂಗ್ ಅಷ್ಟೇ…”

“ನನಗಾದ್ರೆ ಏನು. ಅಷ್ಟೇ ಅಲ್ವಾ? ತಿಂದ ರೊಟ್ಟಿಗಾದ್ರೂ ನಾಚಿಕೆ ಇರ್ಬೇಕಿತ್ತು ಕಣೇ.”

ಅವಳು ಅಳತೊಡಗಿದಳು. ನಾನು ನೋಟ್‌ಬುಕ್ ಮುಂದೆ ಹಿಡಿದೆ. “ಅದಿರ್ಲಿ. ಈಗ ಹನ್ನೆರಡು ಇಲಿ ಟೆಸ್ಟ್ ಮಾಡಿದೆನಲ್ಲ, ಅವು ಯಾವು?”

“ಹನ್ನೆರಡು ಎಲ್ಲಿಂದ ಬರುತ್ತೆ ಅಕ್ಕಾ? ಇರೋದೇ ಎಂಟು. ಆ ನಾಲ್ಕನ್ನ ಅವತ್ತೇ ಸುಡೋದಕ್ಕೆ ಕಳ್ಸಾಯ್ತು. ನಾನೇ ಚೀಲ ಕಟ್ಟಿದೆ.”

ಹಾಳೆ ತೋರಿಸಿದೆ. ನಾನು ಒರೆಸದೆ ಉಳಿದ ಅಂಚಿನಲ್ಲಿ ಪುಟ್ಟ ಪುಟ್ಟ ಕೆಂಪು ಹೆಜ್ಜೆಗಳಿದ್ದವು. ಇಲಿಯ ಮುಂಗಾಲಿಗೆ ನಾಲ್ಕು ಬೆರಳು. ಬಲಗಾಲಿನ ಗುರುತಿನ ಮೇಲೆ ಅವಳ ಉಗುರು ಸರಿಯಿತು. ಒಂದು… ಎರಡು… ಮೂರು…

ಆಮೇಲೆ ಅವಳು ನನ್ನ ಕೈ ಹಿಡಿದಳು. “ತಪ್ಪಾಯ್ತು ಅಕ್ಕಾ. ಕೊಡಿ, ಇದನ್ನ ಹರಿದು ಹಾಕ್ತೀನಿ. ನಾಳೆ ಕಮಿಟಿ ಮುಂದೆ ನಿಜ ಹೇಳ್ತೀನಿ. ಪೆರುಮಾಳ್ ದೇವರಾಣೆ.”

ಕೊಟ್ಟುಬಿಟ್ಟೆ. ನನ್ನ ಸಹಿ ಹರಿದುಹೋದರೆ ಸಾಕು ಎಂಬುದಷ್ಟೇ ಆಗ ತಲೆಯಲ್ಲಿತ್ತು. ಹೆಜ್ಜೆ ಗುರುತೂ ಅದೇ ಹಾಳೆಯಲ್ಲಿತ್ತು ಎಂಬುದು ತಲೆಗೆ ಹೋಗಲೇ ಇಲ್ಲ.

ಮಾರನೇ ದಿನ ಕಮಿಟಿಯ ಮುಂದೆ ಸುಮೇಧಾ ಇಟ್ಟದ್ದು ನನ್ನ ನೋಟ್‌ಬುಕ್ಕನ್ನು.

“ಪನ್ನೆಂಡಾ? ಎಟ್ಟುದಾನೇ ಇರುಕ್ಕು?” ಎಂದರು ಅಧ್ಯಕ್ಷರು. ಹನ್ನೆರಡಾ? ಇರೋದು ಎಂಟೇ ಅಲ್ವಾ?

ನನ್ನದೇ ಅಕ್ಷರ. ಸತ್ತ ಇಲಿಗಳಿಗೂ ಹತ್ತು ಹತ್ತು ನಿಮಿಷದ ಲೆಕ್ಕ. ಕೂತಲ್ಲೇ ಸುಳ್ಳು ಬರೆಯುವವಳು ಡೋಸ್ ತಪ್ಪಿಸಿರಲಾರಳೇ ಎಂದರು ಕಮಿಟಿಯವರು. ನಾನು ಸುಮೇಧಾಳನ್ನು ನೋಡಿದೆ. “ಹೇಳಮ್ಮಾ, ಹೆಜ್ಜೆ ಗುರುತು ನೀನೂ ನೋಡಿದ್ಯಲ್ಲ.”

ಅವಳು ನೆಲ ನೋಡುತ್ತಾ, ತಮಿಳಿನಲ್ಲಿ, ತಾನೇನೂ ನೋಡಿಲ್ಲ ಎಂದಳು.

ಸುಳ್ಳು ಹಾಳೆಯಿಂದ ತಪ್ಪಿಸಿಕೊಂಡೆ. ನಿಜ ಬರೆದು ಕೆಲಸ ಕಳೆದುಕೊಂಡೆ.

ಆ ನಾಲ್ಕು ಏನು, ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಉಳಿಸಲು ಬಂದವೋ, ಮುಗಿಸಲು ಬಂದವೋ? ಡೋಸ್ ಬೆರೆಸಿದ್ದು ಅವಳು, ಆದರೆ ಚುಚ್ಚಿದ್ದು ನನ್ನ ಕೈ. ‘ಬರೀ ನೀರು’ ಎಂದದ್ದು ನನ್ನ ಬಾಯಿ.

ನಮ್ಮ ದೇವರ ಕೋಣೆಯಲ್ಲಿ ಜೀರೋ ಬಲ್ಬ್ ಇದೆ, ಕೆಂಪಿನದು. ಕೆಲವು ರಾತ್ರಿ ಅದರ ಬೆಳಕು ಹಾಸಿಗೆಯವರೆಗೂ ಬರುತ್ತದೆ. ಎಡ ಅಂಗೈ ಮೇಲೆ ಭಾರ ಕೂರುತ್ತದೆ… ಇನ್ನೂರು ಗ್ರಾಂ ಇರಬಹುದು… ತಣ್ಣಗೆ. ಕೈ ಮುಚ್ಚುವುದಿಲ್ಲ ನಾನು. ಏನಾದರೂ ಹೇಳೋಣವೆಂದು ಬಾಯಿ ತೆರೆಯುತ್ತೇನೆ.

ನನಗೆ ಬರುವುದು ಆ ಒಂದೇ ಮಾತು. ಅದನ್ನು ಹೇಳುವ ಧೈರ್ಯವಿಲ್ಲ.