ಬಟನ್‌ಗೆ ಎರಡು ಬೆರಳು ಹೆಚ್ಚು

ನಮ್ಮ ಬೀದಿಯ ದರ್ಜಿ ಜೀವಮಾನವಿಡೀ ಹೊಲಿದದ್ದು ಶಾಲೆಯ ಮಕ್ಕಳ ಸಮವಸ್ತ್ರ. ಬೆಳೆಯುವ ಮಕ್ಕಳ ಅಳತೆ ತೆಗೆಯುವವರು ಇವತ್ತಿನ ಮೈಯನ್ನು ನಂಬುವುದಿಲ್ಲ. ಎದೆಗೆ ಟೇಪು ಸುತ್ತಿ, ಅದರೊಳಗೆ ಎರಡು ಬೆರಳು ತೂರಿಸಿ ಅಳತೆ ಹಿಡಿಯುತ್ತಾರೆ. ಸಾಲದ್ದಕ್ಕೆ ಹೊಲಿಗೆಯ ಒಳಗೆ ಇನ್ನಷ್ಟು ಬಟ್ಟೆ ಮಡಿಸಿ ಬಿಡುತ್ತಾರೆ. ಮಗು ದಪ್ಪವಾದರೆ ಹೊಲಿಗೆ ಬಿಚ್ಚಿ ಆ ಬಟ್ಟೆಯನ್ನು ಹೊರಗೆ ತರಬಹುದು. ತಾಯಂದಿರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹಾಗಾಗಿ ಬೀದಿಯಲ್ಲಿ ದರ್ಜಿಗೆ ‘ಎರಡು ಬೆರಳು’ ಎಂದೇ ಹೆಸರು. ತಮ್ಮ ಮದುವೆಯ ಕೋಟಿಗೂ ಅವರು ಎರಡು ಬೆರಳು ಬಿಟ್ಟಿದ್ದರು. ಫೋಟೋದಲ್ಲಿ ಕೋಟಿಗೆ ಮದುವೆಯಾದಂತೆ ಕಾಣುತ್ತದೆ; ವರ ಅದರೊಳಗೆ ಎಲ್ಲೋ ಇದ್ದಾನೆ.

ಇಂಥವರ ಕೈಗೆ ಅವರ ಅಕ್ಕ ತಾವು ಸಾಕಿದ ನಾಯಿಯನ್ನು ಒಪ್ಪಿಸಿ ಹೋದರು. ಆಕೆಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಒಂದಾದ ಮೇಲೊಂದು. ಮಗಳ ಮನೆಯ ವಿಶ್ರಾಂತಿಯೂ ಸೇರಿ ವರ್ಷದ ಮಾತು. ನಾಯಿಯ ಹೆಸರು ಬಟನ್. ಗಿಡ್ಡ ಕಾಲಿನ, ಕಂದು ಬಣ್ಣದ ಪ್ರಾಣಿ. ವಯಸ್ಸು ಆರು, ತೂಕವೂ ಆರು ಕಿಲೋ.

“ನೋಡೋ,” ಎಂದರು ಅಕ್ಕ ಹೊರಡುವಾಗ, “ಈ ಮಂಡಿ ಇಟ್ಕೊಂಡು ಇನ್ಮೇಲೆ ಇದನ್ನ ಓಡಾಡ್ಸೋದು ನನ್ನ ಕೈಲಾಗಲ್ಲ. ನಾನು ವಾಪಸ್ ಬಂದಾಗ ಇದು ಈಗಿರೋ ಹಾಗೇ ಇದ್ರೆ ನೀನೇ ಇಟ್ಕೋ. ಇಲ್ದಿದ್ರೆ ನನ್ನ ಮೈದುನ ಕೇಳ್ತಾನೇ ಇದಾನೆ.”

ಆ ಮೈದುನನಿಗೆ ದೊಡ್ಡ ಹಿತ್ತಲಿತ್ತು, ಕೊರಳಲ್ಲಿ ಸೀಟಿ ಇತ್ತು, ಬೆಳಗಾದರೆ ಓಡುವ ಚಟವಿತ್ತು. ದರ್ಜಿಗೆ ಈ ಮೂರನ್ನೂ ಕಂಡರಾಗದು. ಅದೂ ಅಲ್ಲದೆ ಮೊದಲ ವಾರದಲ್ಲೇ ಬಟನ್ ಹೊಲಿಗೆ ಯಂತ್ರದ ಕೆಳಗೆ ನುಸುಳಿ, ಅವರ ಪಾದದ ಮೇಲೆ ಗದ್ದವಿಟ್ಟು ಮಲಗಲು ಕಲಿಯಿತು. ಪಾದ ಪೆಡಲು ತುಳಿದಂತೆಲ್ಲ ಗದ್ದವೂ ಮೇಲೆ ಕೆಳಗೆ ಆಡುತ್ತಿತ್ತು. ನಾಯಿಯನ್ನು ಬಿಟ್ಟುಕೊಡುವ ಮಾತು ದರ್ಜಿಯ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಉಳಿದ ಸಮವಸ್ತ್ರದ ನೀಲಿ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿದರು. ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟರು ಎಂದು ಬೇರೆ ಹೇಳಬೇಕಿಲ್ಲ.

ನಾಯಿಯ ಒಣ ಆಹಾರದ ಚೀಲದ ಹಿಂದೆ ಒಂದು ಪಟ್ಟಿ ಇತ್ತು: ಸಣ್ಣ ಜಾತಿಯ ಬೆಳೆದ ನಾಯಿ, ಇಷ್ಟು ತೂಕವಿದ್ದರೆ ದಿನಕ್ಕೆ ಇಷ್ಟು ಗ್ರಾಂ. ದರ್ಜಿ ಅದನ್ನು ರೆಡಿಮೇಡ್ ಅಂಗಿಯ ಸೈಜಿನಂತೆ ಓದಿದರು.

“ಆರು ಕಿಲೋ ಅಂದ್ರೆ ಎಂಟರ ಸಾಲು ಹಿಡೀಬೇಕು,” ಎಂದು ಹೆಂಡತಿಗೆ ತಿಳಿಸಿ ಹೇಳಿದರು. “ಬೆಳೆಯೋಕೆ ಜಾಗ ಬೇಡ್ವಾ?”

“ರೀ, ಅದಕ್ಕೆ ಆರು ವರ್ಷ.”

“ಆರು ವರ್ಷದವ್ರೇ ಅಲ್ವೇನೇ ಜಾಸ್ತಿ ಬೆಳೆಯೋದು?”

ಹೆಂಡತಿ ವಾದ ಬಿಟ್ಟರು. ಬಿಡಲು ಅವರಿಗೂ ಕಾರಣವಿತ್ತು. ಬೆಳಗಿನ ಹಾಲಿನ ಕೆನೆ ಗುಟ್ಟಾಗಿ ಬಟನ್‌ಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವಾಕೆ ತಮ್ಮ ಟೀ ಜೊತೆಗಿನ ಬಿಸ್ಕತ್ತಿನಲ್ಲಿ ಅದಕ್ಕೊಂದು ಪಾಲು ಇಟ್ಟಿದ್ದರು.

ಬಟನ್ ಎಂಟರ ಸಾಲಿಗೆ ತಕ್ಕಂತೆ ತುಂಬಿಕೊಳ್ಳತೊಡಗಿತು. ಪಟ್ಟಿ ಸರಿಯಾಗಿದೆ ಎಂಬುದಕ್ಕೆ ದರ್ಜಿಗೆ ಇನ್ನೇನು ಸಾಕ್ಷಿ ಬೇಕು? ಹತ್ತರ ಸಾಲಿಗೆ ದಾಟಿದರು. ಪ್ರೀತಿಗೆ ಕೊಬ್ಬಿದೆ ಎಂದು ಬೀದಿಯವರು ಮೆಚ್ಚಿ ಮಾತಾಡಿಕೊಂಡರು. ಪ್ರೀತಿಗೆ ಅಷ್ಟು ಕೊಬ್ಬಿಸುವ ಶಕ್ತಿ ಇಲ್ಲ. ಅದು ಕೊಬ್ಬಿದ್ದು ಸಾಲು ತಪ್ಪಿದ್ದರಿಂದ.

ಅಂಗಿ ಬಿಗಿಯಾದಾಗ ಹೊಲಿಗೆ ಬಿಚ್ಚಿ ಒಂದು ಬೆರಳು ಸಡಿಲಿಸಿದರು. ಮತ್ತೆ ಬಿಗಿಯಾಯಿತು; ಇನ್ನೊಂದು ಬೆರಳು. ಮೂರನೆಯ ಸಲ ಅಂಗಿಯನ್ನು ತಿರುಗಿಸಿ ನೋಡಿದರೆ ಒಳಗೆ ಬಿಚ್ಚಲು ಬಟ್ಟೆಯೇ ಇಲ್ಲ. ಅವರ ಕಸುಬಿನಲ್ಲಿ ಹೀಗೆ ಯಾವ ಮಗುವಿಗೂ ಆಗಿರಲಿಲ್ಲ. ಅದೇ ದಿನ ಬಟನ್ ಅಂಗಡಿಯ ಒಂದೇ ಒಂದು ಮೆಟ್ಟಿಲಿನ ಮುಂದೆ ನಿಂತು, ಮೆಟ್ಟಿಲನ್ನು ನೋಡಿ, ದರ್ಜಿಯನ್ನು ನೋಡಿ, ಕುಳಿತುಬಿಟ್ಟಿತು. ದರ್ಜಿಗೆ ಕಿವಿಯಲ್ಲಿ ಆ ಮೈದುನ ಸೀಟಿ ಊದಿದಂತಾಯಿತು. ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೆಂಡತಿಯ ಜೊತೆ ಪಶುವೈದ್ಯೆಯ ಬಳಿಗೆ ಓಡಿದರು.

ವೈದ್ಯೆ ಬಟನ್‌ನ ಮೈಮೇಲೆ ಕೈಯಾಡಿಸಿದರು. “ಪಕ್ಕೆಲುಬು ಎಲ್ರೀ?”

“ಇರುತ್ತೆ ಮೇಡಂ, ಒಳಗೆ.”

“ಒಳಗಿರುತ್ತೆ ಅಂತ ನನಗೂ ಗೊತ್ತು. ಕೈಗೆ ಸಿಗಬೇಕು. ಎಷ್ಟು ಹಾಕ್ತೀರಿ?”

ದರ್ಜಿ ಹತ್ತರ ಸಾಲಿನ ಕತೆ ಹೇಳಿದರು. ವೈದ್ಯೆ ಬಿಡಿಸಿ ಹೇಳಿದರು.

“ಇದು ಬೆಳೆದು ಮುಗಿದಿರೋ ನಾಯಿ. ಉದ್ದಕ್ಕೆ ಬೆಳೆಯಲ್ಲ. ನೀವು ಬಿಟ್ಟ ಜಾಗಾನೆಲ್ಲ ಅಡ್ಡಕ್ಕೆ ತುಂಬ್ಸತ್ತೆ. ಈಗಿರೋ ತೂಕದ ಸಾಲನ್ನೂ ನೋಡ್ಬೇಡಿ, ಇರಬೇಕಾದ ತೂಕದ ಸಾಲು ನೋಡಿ. ಕೈ ಅಳತೆ ಬೇಡ, ತೂಗಿ, ಎರಡು ಹೊತ್ತಿಗೆ ಹಂಚಿ. ಬೇರೆ ಯಾರು ಏನು ಕೊಟ್ರೂ ಅದರಲ್ಲೇ ಕಳೀಬೇಕು. ತಿಂಗಳಿಗೊಂದ್ಸಲ ಕರ್ಕೊಂಡ್ ಬನ್ನಿ. ತೂಕ ಹೇಗೆ ಇಳಿಯುತ್ತೆ ನೋಡ್ಕೊಂಡು ಹೆಚ್ಚುಕಮ್ಮಿ ಮಾಡೋಣ.”

“ಒಂದು ಹಿಡಿ ಮೇಲೆ...”

“ಒಂದು ಕಾಳೂ ಇಲ್ಲ.”

ಮನೆಗೆ ಬಂದವರೇ ದರ್ಜಿ ಅಂಗಿಯನ್ನು ಮೊದಲಿನ ಹೊಲಿಗೆಗೆ ಮತ್ತೆ ಹಿಡಿದು ಹೊಲಿದು ಗೋಡೆಯ ಮೊಳೆಗೆ ನೇತುಹಾಕಿದರು. ಮೈಗೆ ತಕ್ಕ ಬಟ್ಟೆ ಹೊಲಿದು ಬದುಕಿದವರು ಈಗ ಬಟ್ಟೆಗೆ ತಕ್ಕ ಮೈಯನ್ನು ತರಬೇಕಾಗಿತ್ತು. ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕುವುದು, ಯಾರೇ ಕೊಟ್ಟರೂ ಆ ಡಬ್ಬಿಯಿಂದಲೇ ಕೊಡುವುದು ಎಂದು ಕಾನೂನಾಯಿತು.

ಕಾಜಾ ಹಾಕುವಾಕೆ ಒಪ್ಪಲಿಲ್ಲ. “ಅಣ್ಣಾ, ಟೀ ಕುಡಿಯೋವಾಗ ನನ್ನ ಮುಖಾನೇ ನೋಡ್ಕೊಂಡು ಕೂತಿರುತ್ತೆ. ಒಂದ್ ಚೂರು ಕೊಡದೆ ಹೇಗೆ ನುಂಗ್ಲಿ?”

“ಡಬ್ಬಿಯಿಂದ ಕೊಡಮ್ಮ.”

“ಡಬ್ಬಿಯದು ಊಟ. ಬಿಸ್ಕತ್ತು ಮರ್ಯಾದೆ.”

“ಸರಿ. ನಿನ್ನ ಮರ್ಯಾದೆಗೆ ಅದರ ಸಂಜೆ ಊಟದಲ್ಲಿ ಅರ್ಧ ಹಿಡಿ ಕಟ್.”

ಆಕೆ ಸಿಟ್ಟಿನಿಂದ ಬೆನ್ನು ತಿರುಗಿಸಿ ಟೀ ಕುಡಿಯತೊಡಗಿದರು. ಬಟನ್ ಸುತ್ತಿಕೊಂಡು ಎದುರಿಗೆ ಬಂತು. ಆಕೆ ಮತ್ತೆ ತಿರುಗಿದರು. ಮೊದಲ ವಾರ ಬಟನ್‌ಗೆ ಸಿಕ್ಕ ವ್ಯಾಯಾಮ ಇದೇ.

ಕೆನೆಯ ಗುಟ್ಟು ನಾಯಿಯ ಮೀಸೆಯಿಂದ ಹೊರಬಿತ್ತು.

“ಅದೇ ನೆಕ್ಕಿರ್ಬೇಕು ರೀ,” ಎಂದರು ಹೆಂಡತಿ.

“ಫ್ರಿಜ್ ಬಾಗಿಲು ಅದೇ ತೆಗೀತಾ? ಪಾತ್ರೆ ಮುಚ್ಚಳಾನೂ?”

ಇಷ್ಟಾದರೂ ತಿಂಗಳ ಕೊನೆಗೆ ತೂಕ ಇಳಿದದ್ದು ಅಷ್ಟಕ್ಕಷ್ಟೆ. ವೈದ್ಯೆ ಯೋಚಿಸಿ ಕೇಳಿದರು: “ತೂಗೋದು ಯಾರು?”

“ನಾನೇ ಮೇಡಂ.”

“ಮುಳ್ಳು ನಿಂತ ಮೇಲೆ ಒಂದು ಚಿಟಿಕೆ ಹಾಕ್ತೀರಾ?”

ದರ್ಜಿ ಛಾವಣಿ ನೋಡಿದರು. ಹೆಂಡತಿ ಹೌದೆಂದು ತಲೆಯಾಡಿಸಿದರು. ದರ್ಜಿ ಬೇಕೆಂದು ಹಾಕುತ್ತಿರಲಿಲ್ಲ; ಅಳತೆ ಮುಗಿದ ಮೇಲೆ ಒಂದಿಷ್ಟು ಬಿಡುವುದು ಆ ಕೈಗೆ ಅಂಟಿದ ರೋಗ. ಅಂದಿನಿಂದ ತಕ್ಕಡಿ ಹೆಂಡತಿಯ ಕೈಗೆ ಹೋಯಿತು. ದರ್ಜಿ ಕೈಕಟ್ಟಿ ನಿಂತು ನೋಡುತ್ತಿದ್ದರು, ಬಟನ್ ಅವರ ಪಕ್ಕದಲ್ಲಿ. ಯಾರ ಮುಖ ಹೆಚ್ಚು ಹಸಿದಂತಿತ್ತು ಎಂದು ಹೇಳುವುದು ಕಷ್ಟ.

ಆಮೇಲೆ ತೂಕ ನಿಧಾನವಾಗಿ ಇಳಿಯಿತು. ವಾರಕ್ಕೊಮ್ಮೆ ಅಂಗಿ ಮೊಳೆಯಿಂದ ಇಳಿದು ಬಟನ್‌ನ ಮೈಗೇರಿ, ಗುಂಡಿ ಸೇರದೆ ಮರಳುತ್ತಿತ್ತು. ಒಂದು ಬೆಳಿಗ್ಗೆ ದರ್ಜಿಯ ಬೆರಳಿಗೆ ನಾಯಿಯ ಪಕ್ಕೆಲುಬು ಸಿಕ್ಕಿತು, ಕಾಲರಿನೊಳಗಿನ ಗಟ್ಟಿ ಕ್ಯಾನ್‌ವಾಸಿನ ಅಂಚು ಸಿಕ್ಕುವ ಹಾಗೆ. ಗುಂಡಿಗಳೆಲ್ಲ ಸೇರಿದವು. ಅಂಗಡಿಯ ಮೆಟ್ಟಿಲನ್ನು ಬಟನ್ ತಾನೇ ಹತ್ತಿತು.

ಅಕ್ಕ ಬಂದದ್ದು ಕೋಲೂರಿಕೊಂಡು. ಕಾರು ಓಡಿಸಿಕೊಂಡು ಬಂದವನು ಅದೇ ಮೈದುನ, ಸೀಟಿಸಮೇತ. ಬಟನ್ ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ನಿಂತಿತ್ತು. ಅಕ್ಕ ಗಿರಾಕಿಗಳ ಕುರ್ಚಿಯಲ್ಲಿ ಕುಳಿತು ಅದರ ಪಕ್ಕೆ ಮುಟ್ಟಿ, ಸೊಂಟ ನೋಡಿ, ತಲೆದೂಗಿದರು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರ ತಂದೆಯೂ ದರ್ಜಿ. ಬಟ್ಟೆ ಕಂಡರೆ ಒಳಮಗ್ಗುಲು ತಿರುಗಿಸಿ ನೋಡದೆ ಆಕೆಯ ಕೈ ಬಿಡದು. ಅಂಗಿಯ ಅಂಚನ್ನು ಮಗುಚಿದರು.

“ಇದೇನೋ?”

“ಒಳಗೆ ಬಿಟ್ಟಿರೋ ಬಟ್ಟೆ, ಅಕ್ಕ.”

“ಒಳಗೆ ಬಿಟ್ಟಿರೋ ಬಟ್ಟೆಗೆ ಬಿಸಿಲು ಹೇಗೋ ತಾಗ್ತು? ಬಣ್ಣ ಹೋಗಿದೆ.” ಆಕೆಯ ಬೆರಳು ಸೂಜಿ ತೂತುಗಳ ಸಾಲಿನ ಮೇಲೆ ಹರಿಯಿತು. “ಇಲ್ಲೊಂದ್ಸಲ ಬಿಚ್ಚಿದೀಯ. ಇಲ್ಲಿ ಇನ್ನೊಂದ್ಸಲ. ಆಮೇಲೆ ಬಟ್ಟೆ ಮುಗೀತು. ಎಷ್ಟು ಕಿಲೋಗೆ ಹೋಗಿತ್ತು ಇದು?”

“ಎಂಟಕ್ಕೆ ಸ್ವಲ್ಪ ಕಮ್ಮಿ,” ಎಂದರು ದರ್ಜಿ. ಅವರ ಬಾಯಿಂದ ಕಡಿಮೆ ಮಾಡಿ ಬಂದ ಅಳತೆ ಅದೊಂದೇ.

“ಅತ್ತಿಗೆ, ನಾನು ಆಗ್ಲೇ ಹೇಳಿದ್ದೆ—” ಎಂದು ಮೈದುನ ಬಾಯಿ ಹಾಕಿದ.

“ನೀನು ಸುಮ್ನಿರಪ್ಪ, ಹೊಲಿಗೆ ವಿಷಯ ನಡೀತಿದೆ.” ಅಕ್ಕ ತಮ್ಮನ ಕಡೆ ತಿರುಗಿದರು. “ಮತ್ತೆ ಬಟ್ಟೆ ಒಳಗೆ ಹಿಡಿದಿದ್ದು ಯಾರು?”

“ನಾನೇ.”

“ಹಿಡಿದಿರೋದು ನೀಟಾಗಿದೆ. ಆದ್ರೆ ಈ ಬಟ್ಟೆ ಒಳಗಿರೋ ತನಕ ನಿನ್ನ ಕೈ ಸುಮ್ನಿರಲ್ಲ. ಕತ್ತರಿ ತಗೊಂಡು ಹೊಲಿಗೆ ಪಕ್ಕಕ್ಕೇ ಕತ್ತರ್ಸು. ಕತ್ತರ್ಸಿದ್ರೆ ನಾಯಿ ನಿಂದು.”

ಕಾಜಾ ಹಾಕುವಾಕೆ ಸೂಜಿ ನಿಲ್ಲಿಸಿದರು. ದರ್ಜಿ ಅಂಗಿ ಬಿಚ್ಚಿ ಮೇಜಿನ ಮೇಲೆ ಹರಡಿದರು. ಕತ್ತರಿ ಬಾಯಿ ತೆರೆದು ನಿಂತಿತು.

“ಅಕ್ಕ, ಒಂದೇ ಒಂದು ಬೆರಳು...”

ಅಕ್ಕ ಮೈದುನನಿಗೆ ಹೇಳಿದರು: “ಕಾರ್ ತೆಗಿಯಪ್ಪ.”

ದರ್ಜಿ ಕತ್ತರಿಸಿದರು. ಕಣ್ಣು ಮುಚ್ಚಿದ್ದರೂ ಅಂಚು ಒಂದು ನೂಲೂ ಸೊಟ್ಟಗಾಗಲಿಲ್ಲ. ನೀಲಿ ಪಟ್ಟಿ ನೆಲಕ್ಕೆ ಬಿತ್ತು. ಬಟನ್ ಅದನ್ನು ಮೂಸಿ, ತಿನ್ನುವಂಥದ್ದಲ್ಲ ಎಂದು ಕಂಡು, ಡಬ್ಬಿಯ ಕಡೆ ನೋಡಿತು.

“ಖಾಲಿ,” ಎಂದರು ಹೆಂಡತಿ.